ಏಳು ಹನ್ನೆರಡರ ಟೆಂಪೊ

ವಿದೇಶಕ್ಕೆ ಹೋಗಿ ಬಂದವರ ಜೊತೆ ಬಾಳುವುದು ಬಹಳ ಕಷ್ಟ. ಇದು ನನ್ನ ಅನುಭವವಲ್ಲ, ನಮ್ಮ ಮನೆಯವರ ಅನುಭವ. ಹೋಗಿ ಬಂದವಳು ನಾನು. ಹೋಗಿದ್ದು ಜಪಾನಿಗೆ, ಅಲ್ಲಿ ಇದ್ದದ್ದು ಬರೀ ಐವತ್ತು ದಿನ. ಆದರೆ ಆ ಐವತ್ತು ದಿನದ ಸುದ್ದಿಯನ್ನು ನಾನು ಎಷ್ಟು ವರ್ಷ ಹೇಳಿದೆನೆಂದರೆ, ಒಮ್ಮೆ ನಮ್ಮ ಅತ್ತೆ ಮನೆಗೆ ಬಂದ ಬೀಗರ ಮುಂದೆ, ನಮ್ಮ ಸೊಸೆ ಹುಟ್ಟಿದ್ದು ಬೆಟಗೇರಿಯಲ್ಲಿ, ಬೆಳೆದದ್ದು ಜಪಾನಿನಲ್ಲಿ ಎಂದು ಪರಿಚಯ ಮಾಡಿಕೊಟ್ಟರು. ಬೀಗರು ನಂಬಿದರು. ಊಟಕ್ಕೆ ಕೂತಾಗ ನನಗೆ ರೊಟ್ಟಿ ಮುರಿಯಲು ಬರುತ್ತದೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡುತ್ತಿದ್ದರು.

ನಾನು ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕಿ. ಪ್ರದರ್ಶಕಿ ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ರೈತರ ಮನೆಗೆ ಹೋಗಿ ರೇಷ್ಮೆ ಹುಳ ಹೇಗೆ ಸಾಕಬೇಕು ಎಂದು ತೋರಿಸಿಕೊಡುವ ಕೆಲಸ, ಅಷ್ಟೇ. ನಮ್ಮ ಗದಗ ಆಗತಾನೇ ಜಿಲ್ಲೆಯಾಗಿತ್ತು. ಕಚೇರಿಗಳ ಬೋರ್ಡಿನ ಮೇಲೆ ಧಾರವಾಡವನ್ನು ಅಳಿಸಿ ಗದಗ ಎಂದು ಬರೆದ ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು. ಜಿಲ್ಲೆಗೆ ಒಬ್ಬರಂತೆ ಜಪಾನಿಗೆ ತರಬೇತಿಗೆ ಕಳಿಸಿ ಎಂದು ಕಾಗದ ಬಂತು. ಹೊಸ ಜಿಲ್ಲೆಯಾದ್ದರಿಂದ ಕಳಿಸಲು ನಮ್ಮಲ್ಲಿ ಬಹಳ ಜನರೂ ಇರಲಿಲ್ಲ. ನನಗಿಂತ ಹಿರಿಯರು ಇಬ್ಬರೇ. ಮುಂಡರಗಿಯಲ್ಲಿದ್ದವರು, ಜೋಳದ ರೊಟ್ಟಿ ಇಲ್ಲದ ಕಡೆ ಐವತ್ತು ದಿನ ಇದ್ದರೆ ನಾನು ತಿರುಗಿ ಬರುವುದು ಹೆಣವಾಗಿಯೇ ಎಂದು ಬರೆದುಕೊಟ್ಟರು. ಡೋಣಿಯಲ್ಲಿದ್ದವರು ಸೂಟು ಹೊಲಿಸಿ ತಯಾರಾಗಿದ್ದರು. ಆದರೆ ಅಲ್ಲಿ ಭೂಮಿ ಆಗಾಗ ನಡುಗುತ್ತದೆ ಎಂದು ಯಾರೋ ಅವರ ತಾಯಿಯ ಕಿವಿಯಲ್ಲಿ ಹಾಕಿದರು. ಆ ತಾಯಿ ಹೊಸ್ತಿಲ ಮೇಲೆ ಅಡ್ಡ ಮಲಗಿಬಿಟ್ಟರು. ಉಳಿದವಳು ನಾನು. ನನ್ನ ಯೋಗ್ಯತೆಯಿಂದ ಜಪಾನಿಗೆ ಹೋದೆ ಎಂದು ಹತ್ತು ಕಡೆ ಹೇಳಿದ್ದೇನೆ, ನಿಜ ಸಂಗತಿ ಇಷ್ಟು.

ಅಲ್ಲಿ ನಮ್ಮ ವಸತಿ ಒಂದು ಊರಿನಲ್ಲಿ, ತರಬೇತಿ ಕೇಂದ್ರ ಪಕ್ಕದ ಊರಿನಲ್ಲಿ. ಎರಡರ ನಡುವೆ ಓಡಾಡಲು ಎರಡೇ ಡಬ್ಬಿಯ ಒಂದು ಪುಟ್ಟ ರೈಲು. ಊರುಗಳ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಸರಿಯಾಗಿ ಹೊರಳಲಿಲ್ಲ. ಹಾಗಾಗಿ ನಾನು ಮನಸ್ಸಿನಲ್ಲೇ ಒಂದಕ್ಕೆ ಗದಗ, ಇನ್ನೊಂದಕ್ಕೆ ಬೆಟಗೇರಿ ಎಂದು ಹೆಸರಿಟ್ಟುಕೊಂಡೆ. ಜೋಡಿ ಊರುಗಳು ನಮಗೇನು ಹೊಸವಲ್ಲ. ಅಂತೂರ ಬೆಂತೂರದಂಥ ಹಳ್ಳಿಗಳೂ ನಮ್ಮಲ್ಲಿ ಜೋಡಿಯಾಗಿಯೇ ಇವೆ. ಆದರೆ ಪಕ್ಕದೂರಿಗೆ ಹೋಗಲು ಕಾಲು ಗಂಟೆಗೊಂದು ರೈಲು ಬಿಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎಳೆ ಸೌತೆಕಾಯಿ ಬಣ್ಣದ ಆ ರೈಲು ಮನೆಗಳ ಹಿತ್ತಲಿಗೆ ತಾಗಿಕೊಂಡು, ಒಣಹಾಕಿದ ಬಟ್ಟೆಗಳನ್ನು ಸವರಿದಂತೆ ಮಾಡಿ, ಹನ್ನೊಂದು ನಿಲ್ದಾಣದಲ್ಲಿ ನಿಂತು, ಇಪ್ಪತ್ತೆರಡು ನಿಮಿಷಕ್ಕೆ ನಮ್ಮನ್ನು ಬೆಟಗೇರಿಗೆ ಮುಟ್ಟಿಸುತ್ತಿತ್ತು.

ನನ್ನ ರೈಲು ಏಳು ನಲವತ್ತಮೂರಕ್ಕೆ. ಏಳು ನಲವತ್ತೈದಲ್ಲ, ಏಳೂಮುಕ್ಕಾಲಲ್ಲ, ಏಳು ನಲವತ್ತಮೂರು. ಗಡಿಯಾರದಲ್ಲಿ ನಲವತ್ತಮೂರು ಎಂಬ ನಿಮಿಷವೊಂದು ಇದೆ ಎಂದು ನನಗೆ ಗೊತ್ತಾದದ್ದೇ ಅಲ್ಲಿ. ಡ್ರೈವರು ಬಿಳಿ ಕೈಗವಸು ಹಾಕಿಕೊಂಡು ಕೂತಿರುತ್ತಿದ್ದ. ಸಿಗ್ನಲ್ ಕಂಡರೆ ಅದಕ್ಕೆ ಬೆರಳು ತೋರಿಸಿ ಗಟ್ಟಿಯಾಗಿ ಏನೋ ಹೇಳುತ್ತಿದ್ದ, ಗಡಿಯಾರಕ್ಕೆ ಬೆರಳು ತೋರಿಸಿ ಇನ್ನೇನೋ ಹೇಳುತ್ತಿದ್ದ. ಮೊದಲ ದಿನ ಈತನಿಗೆ ತಲೆ ಕೆಟ್ಟಿದೆ ಎಂದುಕೊಂಡು ನಾನು ಹಿಂದಿನ ಡಬ್ಬಿಗೆ ಎದ್ದು ಹೋದೆ. ಅಲ್ಲಿ ಕಂಡಕ್ಟರು ಇದ್ದ, ಅವನೂ ಖಾಲಿ ಪ್ಲಾಟ್‌ಫಾರ್ಮಿಗೆ ಬೆರಳು ತೋರಿಸಿ ಮಾತಾಡುತ್ತಿದ್ದ. ಆಮೇಲೆ ನಮ್ಮ ದುಭಾಷಿ ಹೆಣ್ಣುಮಗಳು ವಿವರಿಸಿದಳು. ಕಣ್ಣಿನಿಂದ ನೋಡಿ, ಬೆರಳು ತೋರಿಸಿ, ಬಾಯಿಬಿಟ್ಟು ಹೇಳಿದರೆ ಕೆಲಸದಲ್ಲಿ ತಪ್ಪಾಗುವುದಿಲ್ಲವಂತೆ. ಒಂದು ದಿನ ರೈಲು ಒಂದೂವರೆ ನಿಮಿಷ ತಡವಾಯಿತು. ಧ್ವನಿವರ್ಧಕದಲ್ಲಿ ಆ ಕಂಡಕ್ಟರು ಮಾತಾಡಿದ್ದನ್ನು ಕೇಳಿ ಅವನ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ ಎಂದುಕೊಂಡೆ. ಕ್ಷಮೆ ಕೇಳುತ್ತಿದ್ದನಂತೆ.

ಆ ರೈಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎದುರಿಗೆ ಕೂತವರಿಗೆ ಯಾವೂರು, ಮಕ್ಕಳೆಷ್ಟು, ಇಳಿಯುವುದೆಲ್ಲಿ ಎಂದು ಕೇಳದೆ ಇಪ್ಪತ್ತೆರಡು ನಿಮಿಷ ಕೂಡುವುದೆಂದರೆ ಮೊದಲ ವಾರ ನನಗೆ ಮೈಯೆಲ್ಲ ತುರಿಸಿದಂತಾಗುತ್ತಿತ್ತು. ಶಾಲೆ ಮಕ್ಕಳು ಕೂತಲ್ಲೇ ನಿದ್ದೆ ಹೋಗಿ, ತಮ್ಮ ನಿಲ್ದಾಣ ಬಂದ ಕೂಡಲೇ ಯಾರೂ ಎಬ್ಬಿಸದೆ ಎದ್ದು ಇಳಿದು ಹೋಗುತ್ತಿದ್ದವು. ಹುಳ ಸಾಕುವುದರ ಬಗ್ಗೆ ಅಲ್ಲಿ ಕಲಿತದ್ದು ಒಂದು ನೋಟ್‌ಬುಕ್ಕಿನಷ್ಟು. ಆದರೆ ನಾನು ತಲೆಗೆ ಹಚ್ಚಿಕೊಂಡು ಬಂದದ್ದು ಈ ರೈಲನ್ನು.

ಬಂದವಳೇ ಮನೆಯಲ್ಲಿ ಶುರು ಮಾಡಿದೆ. ಬೆಳಿಗ್ಗೆ ಹೊರಡುವ ಮುಂಚೆ ಒಲೆಯ ಮುಂದೆ ನಿಂತು, ಬೆರಳು ತೋರಿಸಿ, ಗ್ಯಾಸ್ ಬಂದ್ ಐತಿ ಎನ್ನುವುದು. ನಲ್ಲಿಗೆ ಬೆರಳು ತೋರಿಸಿ, ನಳ ಬಂದ್ ಐತಿ ಎನ್ನುವುದು. ಅತ್ತೆ ಮೂರು ದಿನ ನೋಡಿದರು. ನಾಲ್ಕನೇ ದಿನ ನಿಂಬೆಹಣ್ಣು ಇಳಿಸಿ ತೆಗೆದು ನಾಲ್ಕು ದಾರಿ ಕೂಡುವಲ್ಲಿ ಒಗೆದು ಬಂದರು. ನಮ್ಮ ಮನೆಯವರು ಬೆಟಗೇರಿಯಲ್ಲಿ ಮಗ್ಗದ ಸಾಮಾನಿನ ಅಂಗಡಿ ಇಟ್ಟಿದ್ದಾರೆ, ಮಾತು ಕಡಿಮೆ. ಅವರು ಒಂದು ದಿನ ನನಗೆ ಬೆರಳು ತೋರಿಸಿ, ಹೆಂಡತಿ, ಇನ್ನೂ ಮನಿಯಾಗ ಅದಾಳ ಎಂದು ಹೇಳಿ ಅಂಗಡಿಗೆ ಹೋದರು. ಅಲ್ಲಿಗೆ ಮನೆಯನ್ನು ಸುಧಾರಿಸುವ ಆಸೆ ಬಿಟ್ಟೆ. ಸುಧಾರಿಸಲು ನನಗೆ ಬೇರೆ ಏನಾದರೂ ಬೇಕಾಗಿತ್ತು, ಅದು ದಿನಾ ಮುಳಗುಂದ ನಾಕಾದಲ್ಲಿ ನಿಂತಿರುತ್ತಿತ್ತು.

ನನಗೆ ಶಿರಹಟ್ಟಿಯಲ್ಲಿ ಕೆಲಸ. ಹೋಗುತ್ತಿದ್ದದ್ದು ಬಸಣ್ಣನ ಟೆಂಪೊದಲ್ಲಿ. ಬೆಳಿಗ್ಗೆ ಗದಗಿನ ನಾಕಾದಿಂದ ಹೊರಟು, ದಾರಿಯ ಹಳ್ಳಿಗಳಲ್ಲಿ ನಿಂತು, ಶಿರಹಟ್ಟಿ ಮುಟ್ಟಿ, ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋಗುತ್ತಿತ್ತು. ಯಾವಾಗ ಹೊರಡುತ್ತಿತ್ತು ಎಂದು ಮಾತ್ರ ಕೇಳಬೇಡಿ. ತುಂಬಿದಾಗ ಹೊರಡುತ್ತಿತ್ತು. ತುಂಬುವುದೆಂದರೂ ಹೇಗೆ? ನಮ್ಮವರು ಮೊದಲು ಸಾಮಾನು ಕಳಿಸುತ್ತಾರೆ, ಆಮೇಲೆ ತಾವು ಬರುತ್ತಾರೆ. ಲಕ್ಷ್ಮೇಶ್ವರದಲ್ಲಿ ಹೂವು ಮಾರುವ ಸಾವಿತ್ರಕ್ಕನ ಬುಟ್ಟಿ ಕಿಟಕಿಯ ಸೀಟಿನಲ್ಲಿ ಆರೂಮುಕ್ಕಾಲಿಗೇ ಕೂತಿರುತ್ತಿತ್ತು, ಸಾವಿತ್ರಕ್ಕ ಚಹಾದಂಗಡಿಯಲ್ಲಿ. ಶಿರಹಟ್ಟಿಯ ಬೆಳಗಿನ ಪಾಳಿಯ ಶಾಲೆಯಲ್ಲಿ ಕಲಿಸುವ, ಅಂಗಡಿ ಎಂಬ ಅಡ್ಡಹೆಸರಿನ ಮಾಸ್ತರರ ಛತ್ರಿ ಬೇಸಿಗೆಯಲ್ಲೂ ಅವರಿಗಿಂತ ಮುಂಚೆ ಬಂದು ಸೀಟು ಹಿಡಿಯುತ್ತಿತ್ತು. ವಾರಸುದಾರರಿಲ್ಲದ ಒಂದೇ ಒಂದು ಚೀಲ ಒಳಗಿದ್ದರೂ ಬಸಣ್ಣ ಗಾಡಿ ಬಿಡುತ್ತಿರಲಿಲ್ಲ. ದಿನದ ಗಿರಾಕಿ ಬಾರದಿದ್ದರೆ ಹಾರ್ನು ಹೊಡೆದು ಕಾಯುತ್ತಿದ್ದ, ಆಮೇಲೂ ಬಾರದಿದ್ದರೆ ಅವರ ಓಣಿಯ ತುದಿಗೆ ಹೋಗಿ ನಿಂತು, ಯಾಕ, ಇವತ್ತು ಆರಾಮಿಲ್ಲೇನು ಎಂದು ವಿಚಾರಿಸಿಕೊಂಡು ಬರುತ್ತಿದ್ದ. ಹೀಗೆ ಏಳಕ್ಕೆ ಹೊರಡಬೇಕಾದದ್ದು ಏಳೂವರೆ, ಕೆಲವೊಮ್ಮೆ ಎಂಟು.

ನಾನು ಎರಡು ತಿಂಗಳು ಜಪಾನಿನ ರೈಲಿನ ಕಥೆ ಹೇಳಿ ಹೇಳಿ ಟೆಂಪೊದಲ್ಲಿ ಒಂದು ಪಕ್ಷ ಕಟ್ಟಿದೆ. ಅಂಗಡಿ ಮಾಸ್ತರರು ನನ್ನ ಕಡೆ ಬಂದರು, ಏಕೆಂದರೆ ದಿನಾ ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟಿ ಅವರು ಮುಖ್ಯೋಪಾಧ್ಯಾಯರಿಂದ ಮಾತು ಕೇಳಿ ಸಾಕಾಗಿದ್ದರು. ಚಹಾದಂಗಡಿಯ ಮುಂದೆ ಸಭೆ ಸೇರಿತು. ಟೆಂಪೊ ಏಳು ಹನ್ನೆರಡಕ್ಕೆ ಬಿಡಬೇಕು ಎಂದು ನಾನು ಸೂಚಿಸಿದೆ. ಏಳೂಕಾಲು ಅನ್ನಬಾರದೇನು ಎಂದರು ಸಾವಿತ್ರಕ್ಕ. ಏಳೂಕಾಲೆಂದರೆ ಜನ ಏಳೂವರೆ ಎಂದು ತಿಳಿಯುತ್ತಾರೆ, ಹನ್ನೆರಡೆಂದರೆ ಹೆದರುತ್ತಾರೆ ಎಂದೆ. ಬಸಣ್ಣ ಚಹಾದ ಬಟ್ಟಲು ಕೆಳಗಿಟ್ಟ.

"ಎಲ್ಲಾ ಖರೆ, ಅಕ್ಕಾರ. ಆದ್ರ ಯಾರರ ಓಡಿ ಬರೂದು ಕಂಡ ಮ್ಯಾಲ ಗಾಡಿ ಹೆಂಗ ಬಿಡ್ಲಿ? ಕಣ್ಣ ಇರ್ತಾವಲ್ರಿ" ಎಂದ.

ಜಪಾನಿನ ಡ್ರೈವರು ಮುಂದೆ ಮಾತ್ರ ನೋಡುತ್ತಾನೆ, ಹಿಂದೆ ನೋಡುವುದಿಲ್ಲ ಎಂದು ನಾನು ಹೇಳಿದೆ. ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಜಪಾನಿನ ಬಗ್ಗೆ ನಾನು ಏನು ಹೇಳಿದರೂ ತಿದ್ದುವವರು ಈ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ, ಅದೇ ನನ್ನ ಬಲ. ಒಂದು ತಿಂಗಳು ನೋಡೋಣ ಎಂದು ಬಸಣ್ಣ ಒಪ್ಪಿದ. ರಟ್ಟಿನ ಮೇಲೆ ಏಳು ಹನ್ನೆರಡು ಎಂದು ಬರೆದು ಗಾಡಿಯ ಗಾಜಿಗೆ ಅಂಟಿಸಿದೆ.

ಮೊದಲ ವಾರ ನಾಲ್ಕು ಜನ ಗಾಡಿ ತಪ್ಪಿಸಿಕೊಂಡು ಬೈದರು. ಎರಡನೇ ವಾರ ಬೈದುಕೊಂಡೇ ಹೊತ್ತಿಗೆ ಸರಿಯಾಗಿ ಬಂದರು. ಮಾಸ್ತರರು ಪ್ರಾರ್ಥನೆಗೆ ಮುಂಚೆ ಶಾಲೆ ಮುಟ್ಟಿದ್ದನ್ನು ಕಂಡು ಮುಖ್ಯೋಪಾಧ್ಯಾಯರು ಇವರು ರಾಜೀನಾಮೆ ಕೊಡಲು ಬಂದಿದ್ದಾರೆಂದು ತಿಳಿದರಂತೆ. ಬಸಣ್ಣನಿಗೆ ಬೆರಳು ತೋರಿಸುವುದನ್ನೂ ಕಲಿಸಿದೆ. ಹಿಂದಿನ ಬಾಗಲ, ಬಂದ್ ಐತಿ. ಛತ್ರಿ, ಐತಿ. ಮಾಸ್ತರು, ಅದಾರ. ಇಷ್ಟು ಹೇಳಿ ಅವನು ಗೇರು ಹಾಕುತ್ತಿದ್ದ. ಇಪ್ಪತ್ತು ಜನರನ್ನು ನಾನೊಬ್ಬಳೇ ತಿದ್ದಿದೆ ಎಂಬ ಹೆಮ್ಮೆ ನನಗೆ. ಖಾಜಾಬಿಯ ಹುಳ ಒಯ್ಯುವ ದಿನ ಬಂದದ್ದು ಆಗಲೇ.

ಖಾಜಾಬಿ ಶಿರಹಟ್ಟಿ ದಾರಿಯ ಒಂದು ಹಳ್ಳಿಯವಳು. ಹಳ್ಳಿಯ ಹೆಸರು ಬರೆದರೆ ಅಲ್ಲಿಯವರು ಬಂದು ನನ್ನೊಡನೆ ಜಗಳ ತೆಗೆದಾರು, ಬೇಡ. ಐವತ್ತು ದಾಟಿದ ಹೆಂಗಸು, ಗಂಡ ಹೋಗಿ ಬಹಳ ವರ್ಷವಾಗಿತ್ತು. ಭಾವ ಇಮಾಮಸಾಬರ ಜೊತೆ ಕೂಡಿ ಒಕ್ಕಲುತನ. ನನ್ನ ಮಾತು ಕೇಳಿ ಅವಳು ಬಾವಿ ಪಕ್ಕದ ಅರ್ಧ ಎಕರೆಗೆ ಹಿಪ್ಪುನೇರಳೆ ಹಚ್ಚಿದ್ದಳು. ಅದು ಮೊದಲು ಇಮಾಮಸಾಬರ ಉಳ್ಳಾಗಡ್ಡಿಯ ಜಾಗ. ಒಂದು ಬೆಳೆ ನೋಡುತ್ತೇನೆ, ಮೊದಲ ಹುಳವೇ ಕೈಗೆ ಹತ್ತದಿದ್ದರೆ ಮರುದಿನ ನೇಗಿಲು ಹೊಡೆಸಿ ಗಿಡ ಕಿತ್ತು ಉಳ್ಳಾಗಡ್ಡಿ ಹಚ್ಚುತ್ತೇನೆ ಎಂದು ಅವರು ಊರ ಮುಂದೆಯೇ ಹೇಳಿದ್ದರು. ಖಾಜಾಬಿ ಒಂದು ವರ್ಷ ಆ ಗಿಡಗಳಿಗೆ ನೀರು ಹಾಯಿಸಿದ್ದಳು. ಹಿತ್ತಲಿನ ದನದ ಕೊಟ್ಟಿಗೆಯನ್ನು ಹುಳದ ಮನೆ ಮಾಡಿ, ಸುಣ್ಣ ಬಳಿದು, ಕಿಟಕಿಗೆ ಜಾಳಿಗೆ ಹೊಡೆದು, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದಳು.

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಸುಬಿನಲ್ಲಿ ಜ್ವರ ಎನ್ನುತ್ತೇವೆ. ಜ್ವರ ಬಂದ ಹುಳ ಸೊಪ್ಪು ಬಿಟ್ಟು ಒಂದು ದಿನ ಸುಮ್ಮನೆ ಮಲಗುತ್ತದೆ, ಎದ್ದ ಮೇಲೆ ಅದಕ್ಕೆ ವಿಪರೀತ ಹಸಿವು. ಎರಡನೇ ಜ್ವರದ ತನಕ ಗದಗಿನಲ್ಲಿ ನಾವು ಸಾಕಿ, ಅವು ಮಲಗಿದ್ದಾಗಲೇ ಬೆಳಗಿನ ತಂಪಿನಲ್ಲಿ ರೈತರ ಮನೆಗೆ ಮುಟ್ಟಿಸಬೇಕು. ಎದ್ದಾಗ ಅವುಗಳ ಬಾಯಿಗೆ ಸೊಪ್ಪು ಸಿಗಬೇಕು. ಸಿಗದಿದ್ದರೆ ಕೆಲವು ಸಾಯುತ್ತವೆ, ಉಳಿದವು ಒಂದಕ್ಕೊಂದು ಹೊಂದದಂತೆ ಬೆಳೆದು ಇಡೀ ಬೆಳೆ ಕೆಡುತ್ತದೆ. ಅವತ್ತಿನ ಹುಳ ಒಂಬತ್ತರ ಸುಮಾರಿಗೆ ಏಳುವುದಿತ್ತು.

ನಾನು ಹಸಿ ಬಟ್ಟೆ ಹೊದಿಸಿದ ಮೂರು ಟ್ರೇಗಳನ್ನು ತೊಡೆಯ ಮೇಲೂ ಪಕ್ಕದಲ್ಲೂ ಇಟ್ಟುಕೊಂಡು ಏಳಕ್ಕೇ ಟೆಂಪೊದಲ್ಲಿ ಕೂತೆ. ಡ್ರೈವರನ ಪಕ್ಕದ ಸೀಟು ನನ್ನದು. ಏಳು ಹನ್ನೆರಡಾಯಿತು. ಬಸಣ್ಣ ಬಾಗಿಲಿಗೆ, ಛತ್ರಿಗೆ, ಮಾಸ್ತರಿಗೆ ಬೆರಳು ತೋರಿಸಿ ಮುಗಿಸಿದ. ಅಷ್ಟರಲ್ಲಿ ಹಿಂದಿನಿಂದ ಸಾವಿತ್ರಕ್ಕ, ಯಾರೋ ಓಡಿ ಬರುತ್ತಿದ್ದಾರೆ ಎಂದರು. ಬಸಣ್ಣ ಕನ್ನಡಿ ನೋಡಿದ. ನಾನೂ ನೋಡಿದೆ. ದೂರದಲ್ಲಿ ಒಬ್ಬ ಹೆಂಗಸು, ತಲೆಯ ಮೇಲೆ ದೊಡ್ಡ ಗಂಟು, ಗಂಟು ಜಾರಿ ಮುಖ ಮುಚ್ಚಿತ್ತು. ಒಂದು ಕೈ ಗಂಟಿನ ಮೇಲೆ, ಇನ್ನೊಂದು ಕೈ ಮೇಲೆತ್ತಿ ಬೀಸುತ್ತಾ ಓಡುತ್ತಿದ್ದಳು. ಬಸಣ್ಣ ಕಾಲು ಸಡಿಲಿಸಿ, ಎರಡೇ ನಿಮಿಷ ಅಕ್ಕಾರ ಎಂದ.

ನಾನು ಕೈಗಡಿಯಾರಕ್ಕೆ ಬೆರಳು ತೋರಿಸಿ, ಎಲ್ಲರಿಗೂ ಕೇಳುವಂತೆ, "ಏಳು ಹನ್ನೆರಡು. ಆತು. ಬಿಡ್ರಿ" ಎಂದೆ.

ಬಸಣ್ಣ ಗಾಡಿ ಬಿಟ್ಟ. ತಿರುವಿನವರೆಗೂ ಆ ಕೈ ಕನ್ನಡಿಯಲ್ಲಿ ಮೇಲೆಯೇ ಇತ್ತು. ನನಗೆ ಏನೂ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ಖುಷಿಯಾಯಿತು. ಕಡೆಗೂ ಈ ಟೆಂಪೊ ರೈಲಿನಂತಾಯಿತು ಎಂದುಕೊಂಡೆ.

ಏಳು ನಲವತ್ತೈದಕ್ಕೆ ಖಾಜಾಬಿಯ ಊರು ಬಂತು. ರಸ್ತೆಗೆ ಹತ್ತಿಯೇ ಅವಳ ಮನೆ. ಟ್ರೇ ಇಳಿಸಲು ಬಸಣ್ಣನೂ ಮಾಸ್ತರರೂ ಕೈ ಕೊಟ್ಟರು. ಹಿತ್ತಲಿಗೆ ಹೋದರೆ ಹುಳದ ಮನೆಗೆ ಬೀಗ. ಕಟ್ಟೆಯ ಮೇಲೆ ಇಮಾಮಸಾಬರು ಒಬ್ಬರೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಖಾಜಾಬಿ ಎಲ್ಲಿ ಎಂದು ಕೇಳಿದೆ. ಅವರು ನಿಧಾನವಾಗಿ ಬಾಯಿ ಖಾಲಿ ಮಾಡಿಕೊಂಡು ಹೇಳಿದರು. ಟ್ರೇಗೆ ಹಾಸಲು ಹಳೇ ಪೇಪರು ಸಾಲದೆಂದು ನಿನ್ನೆ ಸಂಜೆ ಗದಗಿಗೆ ತಂಗಿಯ ಮನೆಗೆ ಹೋಗಿದ್ದಾಳೆ, ಇವತ್ತು ಇದೇ ಟೆಂಪೊಕ್ಕೆ ಬರುವುದಿತ್ತು.

"ಗಾಡಿ ತಪ್ಪೀತು, ಹೋಗಬ್ಯಾಡ ಅಂದೆ. ಅಕ್ಕಾರ ಬರೂ ಗಾಡಿ, ನನ್ನ ಬಿಟ್ಟ ಹೋಗೂದಿಲ್ಲ ಅಂದ್ಳು" ಎಂದರು.

ಸಾವಿತ್ರಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಇದನ್ನೆಲ್ಲ ಕೇಳುತ್ತಿದ್ದರು. ಹಾಗಾದರೆ ಆ ಗಂಟಿನಾಕೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದರು. ಜಪಾನಿನ ರೈಲಿನ ಮೌನ ಆ ಟೆಂಪೊಕ್ಕೆ ಬಂದದ್ದು ಅದೊಂದೇ ಸಲ. ಬೀಗ ಒಡೆಯೋಣವೇ ಎಂದು ಇಮಾಮಸಾಬರನ್ನು ಕೇಳಿದೆ. ಆಕೆಯ ಬೀಗ ಒಡೆದು ನಾನ್ಯಾಕೆ ಮಾತು ಹೊತ್ತುಕೊಳ್ಳಲಿ ಎಂದರು. ಬಸಣ್ಣ ನನ್ನ ಹತ್ತಿರ ಬಂದು ನಿಂತ. ಟೈಮಿನ ಪ್ರಕಾರ ನಾನು ಎಂಟಕ್ಕೆ ಶಿರಹಟ್ಟಿಯಲ್ಲಿ ಇರಬೇಕು, ಏನು ಮಾಡಲಿ ಹೇಳಿರಿ ಎಂದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ನನ್ನ ಅಪ್ಪಣೆ ಕೇಳುತ್ತಿದ್ದ. ತಿರುಗಿ ಹೋಗು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬೇರೆ ಇಪ್ಪತ್ತು ಜನರ ಹೊತ್ತು ಕೆಡಿಸಲು ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ? ಹೇಳಿದವರು ಅಂಗಡಿ ಮಾಸ್ತರರು. ಛತ್ರಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ತಿರಗಸೋ ಬಸಣ್ಣಾ" ಎಂದರು. ಒಳಗಿನವರು ಒಬ್ಬರೂ ಬೇಡ ಎನ್ನಲಿಲ್ಲ. ಟೆಂಪೊ ಬಂದ ದಾರಿಯಲ್ಲೇ ಗದಗಿನ ಕಡೆ ಹೊರಟಿತು.

ನಾನು, ಇಮಾಮಸಾಬರು ಮತ್ತು ಕೆಲವು ಸಾವಿರ ಹುಳ ಉಳಿದೆವು. ಹಸಿ ಗೋಣಿಚೀಲ ಹಾಸಿ ಬೇವಿನ ನೆರಳಿನಲ್ಲಿ ಟ್ರೇ ಇಟ್ಟೆ. ತೋಟಕ್ಕೆ ಹೋಗಿ ಸೊಪ್ಪು ತರೋಣವೆಂದರೆ ಹಿತ್ತಲ ತುಂಬಾ ಕೋಳಿ, ಅದರ ಮೇಲೆ ಇರುವೆ ಸಾಲು ಬೇರೆ. ಒಂದು ನಿಮಿಷ ಬಿಟ್ಟು ಹೋಗುವಂತಿಲ್ಲ. ಜಪಾನಿಗೆ ಹೋಗಿ ಬಂದ ತಜ್ಞೆ ಕೈಯಲ್ಲಿ ಪೊರಕೆ ಹಿಡಿದು ಹುಶ್ ಹುಶ್ ಎನ್ನುತ್ತಾ ನಿಂತಿದ್ದೆ. ಇಮಾಮಸಾಬರನ್ನು ಒಂದು ಹೊರೆ ಸೊಪ್ಪು ತಂದುಕೊಡಿರಿ ಎಂದು ಕೇಳಿದೆ. ನನಗೆ ಉಳ್ಳಾಗಡ್ಡಿ ಗೊತ್ತು, ಇದು ಗೊತ್ತಿಲ್ಲ ಎಂದು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು. ಎಂಟೂಕಾಲಾಯಿತು, ಎಂಟೂವರೆಯಾಯಿತು. ಒಂದೊಂದೇ ಹುಳ ತಲೆ ಎತ್ತಿ ಗಾಳಿಯಲ್ಲಿ ಅತ್ತಿತ್ತ ಆಡಿಸಲು ಶುರು ಮಾಡಿತು. ಅವು ಲೆಕ್ಕಕ್ಕಿಂತ ಬೇಗ ಎದ್ದಿದ್ದವು. ನನಗೆ ಅಳು ಬಂದಿತು, ಖರೇ ಹೇಳುತ್ತೇನೆ. ಇಮಾಮಸಾಬರು ಎದ್ದು ಬಂದು ಟ್ರೇದೊಳಗೆ ಬಗ್ಗಿ ನೋಡಿದರು. ಇವು ಏನು ಹುಡುಕುತ್ತಿವೆ ಎಂದು ಕೇಳಿದರು. ಸೊಪ್ಪು ಎಂದೆ. ಅವರು ಕುಡುಗೋಲು ತೆಗೆದುಕೊಂಡು ಬಾವಿಯ ಕಡೆ ನಡೆದರು.

ಅವರು ಸೊಪ್ಪಿನ ಹೊರೆ ಹೊತ್ತು ಬರುವುದಕ್ಕೂ ಟೆಂಪೊ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಖಾಜಾಬಿ ಇಳಿದಳು. ಅವಳು ನಾಕಾದಲ್ಲಿ ಕೂತಿರಲಿಲ್ಲವಂತೆ. ಪೇಪರಿನ ಗಂಟು ಹೊತ್ತು ನಡೆದೇ ಹೊರಟು ದಾರಿಯಲ್ಲಿನ ನಾಗಾವಿ ಹಳ್ಳಿಯ ಹತ್ತಿರ ಸಿಕ್ಕಳಂತೆ. ಸೀರೆಯ ಅಂಚಿನವರೆಗೂ ಧೂಳು. ನೇರ ಹೋಗಿ ಬೀಗ ತೆಗೆದಳು. ಇಬ್ಬರೂ ಕೂಡಿ ಪೇಪರು ಹಾಸಿ, ಸೊಪ್ಪು ಸಣ್ಣಗೆ ಹೆಚ್ಚಿ, ಹುಳದ ಮೇಲೆ ಉದುರಿಸಿದೆವು. ಹುಳ ಸೊಪ್ಪಿಗೆ ಬಾಯಿ ಹಾಕಿದ್ದನ್ನು ಕಂಡ ಮೇಲೆಯೇ ಅವಳು ಹೊರಗೆ ಬಂದು ತಂಬಿಗೆ ನೀರು ಕುಡಿದಳು. ಟೆಂಪೊದವರೆಲ್ಲ ಇಳಿದು ಹಿತ್ತಲಿನಲ್ಲಿ ನೆರೆದಿದ್ದರು.

ನೀರು ಕುಡಿದವಳು ಬಸಣ್ಣನ ಕಡೆ ತಿರುಗಿ, ಅಷ್ಟು ಕೈ ಮಾಡಿದರೂ ಯಾಕೆ ನಿಲ್ಲಿಸಲಿಲ್ಲ, ಕನ್ನಡಿಯಲ್ಲಿ ಕಾಣಲಿಲ್ಲವೇ ಎಂದು ಕೇಳಿದಳು. ಬಸಣ್ಣ ತಲೆ ಕೆರೆದುಕೊಂಡು ನಕ್ಕ. ಅವನು ನನ್ನ ಹೆಸರು ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ನಾನೂ ಸುಮ್ಮನಿದ್ದುಬಿಡಬಹುದಿತ್ತು.

"ಬಸಣ್ಣ ನಿಂದರಸಾಕ ಹೊಂಟಿದ್ದ. ನಾನ ಬ್ಯಾಡ ಅಂದೆ" ಎಂದೆ.

ಖಾಜಾಬಿ ನನ್ನನ್ನು ನೋಡಿದಳು. "ನಾ ಅಂತ ಗೊತ್ತಿರಲಿಲ್ಲೇನ್ರಿ?"

"ಇಲ್ಲವಾ. ಮಾರಿ ಕಾಣಲಿಲ್ಲ. ಗೊತ್ತಿದ್ದರ ಬಿಡತಿದ್ನೇನು?"

"ಅಂದ್ರ ಬ್ಯಾರೆದಾಕಿ ಆಗಿದ್ರ ಬಿಟ್ಟ ಹೋಗಬಹುದಿತ್ತು" ಎಂದಳು. ಸಿಟ್ಟಿರಲಿಲ್ಲ, ಲೆಕ್ಕ ಸರಿಯಾಗಿ ತಿಳಿದುಕೊಳ್ಳುವವಳ ಹಾಗೆ ಹೇಳಿದಳು. ಆಮೇಲೆ ಕೇಳಿದಳು. "ಜಪಾನದಾಗ ಆ ರೈಲು ನಿಮ್ಮನ್ನ ಒಮ್ಮೆರ ಬಿಟ್ಟ ಹೋಗೇತೇನ್ರಿ, ಅಕ್ಕಾರ?"

ಅಲ್ಲಿಯವರೆಗೆ ನೂರು ಸಲ ಹೇಳಿದ ಕಥೆಯಲ್ಲಿ ನಾನು ಎಂದೂ ಹೇಳದಿದ್ದ ಭಾಗ ಅದು. ಐವತ್ತು ದಿನದಲ್ಲಿ ಆ ರೈಲು ನನ್ನನ್ನು ಒಂಬತ್ತು ಸಲ ಬಿಟ್ಟು ಹೋಗಿದೆ. ಸೀರೆ ಎತ್ತಿ ಹಿಡಿದುಕೊಂಡು ಓಡಿ ಹೋದರೆ ಮೂಗಿನ ಮುಂದೆ ಬಾಗಿಲು ಮುಚ್ಚುತ್ತಿತ್ತು. ಒಳಗಿನವರು ಗಾಜಿನಿಂದ ನನ್ನನ್ನು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಮುಂದಿನ ರೈಲು ಕಾಲು ಗಂಟೆಗೇ ಬರುತ್ತದೆ ಎಂದು ಗೊತ್ತಿದ್ದರೂ ಒಂದು ಸಲ ಆ ಪ್ಲಾಟ್‌ಫಾರ್ಮಿನ ಮೇಲೆ ಕೂತು ಅತ್ತಿದ್ದೇನೆ. ಇನ್ನೊಂದು ಸಲ ಆ ಕಂಡಕ್ಟರನ ಏಳು ತಲೆಮಾರನ್ನು ಅಚ್ಚ ಬೆಟಗೇರಿ ಕನ್ನಡದಲ್ಲಿ ಬೈದಿದ್ದೇನೆ. ನಮ್ಮ ಟೆಂಪೊ ತಪ್ಪಿದರೋ, ಮುಂದಿನದೇ ಇಲ್ಲ. ಇದನ್ನೆಲ್ಲ ಹಿತ್ತಲಿನಲ್ಲಿ ನಿಂತು ಎಲ್ಲರ ಮುಂದೆ ಹೇಳಿದೆ. ಸಾವಿತ್ರಕ್ಕನಿಗೆ ಬಹಳ ಸೇರಿದ್ದು ಬೈದ ಭಾಗ. ಏನೇನು ಬೈದಿರಿ, ಎಲ್ಲಾ ಹೇಳಿರಿ ಎಂದು ಶಿರಹಟ್ಟಿಯವರೆಗೂ ಬಿಡಲಿಲ್ಲ.

ಖಾಜಾಬಿಯ ಬೆಳೆ ಬಂತು. ಭಾರಿ ಎನ್ನುವಂಥದ್ದಲ್ಲ. ಹುಳ ಸ್ವಲ್ಪ ಹಿಂದುಮುಂದಾಗಿ, ಕೆಲವು ಕೊನೆಗೆ ಸೋತವು, ಆ ಪಾಪ ನನ್ನದೇ. ಉಳಿದವು ಗೂಡು ಕಟ್ಟಿದವು. ಬಿಳಿ ಗೂಡುಗಳನ್ನು ಇಮಾಮಸಾಬರು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಇನ್ನೊಂದು ಬೆಳೆ ನೋಡೋಣ ಎಂದರಂತೆ. ನೇಗಿಲು ಆ ಕಡೆ ಬರಲಿಲ್ಲ. ಅರ್ಧ ಎಕರೆ ಈಗ ಒಂದು ಎಕರೆಯಾಗಿದೆ.

ಟೆಂಪೊದಲ್ಲಿ ನಾನು ಸೀಟು ಬದಲಿಸಿದೆ. ಮುಂದಿನದನ್ನು ಮಾಸ್ತರರಿಗೆ ಬಿಟ್ಟುಕೊಟ್ಟು, ಹಿಂದಿನ ಗಾಜಿನ ಪಕ್ಕ ಕೂಡುತ್ತೇನೆ. ರಸ್ತೆಯ ಮೇಲೆ ಯಾರಾದರೂ ಕಂಡರೆ ತಡೆ ಬಸಣ್ಣಾ ಎಂದು ಕೂಗುವ ಕೆಲಸ ನನ್ನದು. ಕೆಲವರು ಟೆಂಪೊಕ್ಕೆ ಬರುವವರೇ ಆಗಿರುವುದಿಲ್ಲ, ವಾಕಿಂಗಿಗೆ ಹೊರಟವರಿರುತ್ತಾರೆ. ಅವರು ನಮ್ಮನ್ನು ದಾಟಿ ಹೋಗುವವರೆಗೂ ಕಾಯಿಸುತ್ತೇನೆ. ಹೊರಡುವಾಗ ಏಳೂವರೆಯಾಗುತ್ತದೆ. ಮಾಸ್ತರರಿಗೆ ಮತ್ತೆ ಪ್ರಾರ್ಥನೆ ತಪ್ಪುತ್ತಿದೆ. ಮೊನ್ನೆ ಅವರಿಗೆ ತಡೆಯಲಾಗಲಿಲ್ಲ. ಹಿಂದೆ ತಿರುಗಿ, ಅಲ್ರೀ ಅಕ್ಕಾರ, ಜಪಾನದಾಗ ಹಿಂಗ ದಾರಿಯಾಗ ಹೋಗೋರನ್ನೆಲ್ಲಾ ಕಾಯ್ತಾರೇನ್ರಿ ಎಂದು ಇಡೀ ಗಾಡಿಗೆ ಕೇಳುವಂತೆ ಕೇಳಿದರು.

"ಕಾಯ್ತಾರ್ರಿ" ಎಂದೆ. "ಜಪಾನಕ್ಕ ಹೋಗಿ ಬಂದೋರು ನೀವೋ, ನಾನೋ?"